ಗಾಜಿನ ಹೆಂಚು ಒಡೆದವನು ಕಳಸಕ್ಕೆ ಹೋದದ್ದು

ಬೆಳಿಗ್ಗೆ ಏಳೂವರೆಗೆ ಗೋಣಿಬೀಡಿನಲ್ಲಿ ಬಸ್ ಹತ್ತಿದೆ. ಮೂಡಿಗೆರೆಯಲ್ಲಿ ಇಳಿದು ಕಳಸದ ಬಸ್ಸಿಗೆ ಎಂಬತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡೆ. ಹೂಮಳೆ ಬಿದ್ದು ಎಂಟು ದಿನವಾಗಿತ್ತು. ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು. ಕೊಟ್ಟಿಗೆಹಾರದಲ್ಲಿ ಬಸ್ ನಿಂತಾಗ ನೀರುದೋಸೆ ತರಿಸಿದೆ, ಒಂದೂ ಪೂರ್ತಿ ಇಳಿಯಲಿಲ್ಲ. ಹೈಸ್ಕೂಲಿನಲ್ಲಿ ಭಾಷಣ ಕೇಳಲು ಹೊರಟಿದ್ದೇನೆ ಎಂದಾಗ ಕಂಡಕ್ಟರ್ ನಕ್ಕ.

"ಟಿಕೆಟ್ ತಗೊಂಡು ಭಾಷಣಕ್ಕೆ ಹೋಗೋರನ್ನ ಇವತ್ತೇ ನೋಡಿದ್ದು ಮಾರಾಯ್ರೆ."

ಭಾಷಣ ಸುಮಿತ್ರಳದು. ಪತ್ರಿಕೆಯಲ್ಲಿ ಓದಿದ್ದೆ. ನಾನು ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಅವಳ ಅಪ್ಪ ಮಂಜಯ್ಯ ಅಲ್ಲಿ ಕೆಲಸಕ್ಕಿದ್ದ. ಗೋಡೌನಿನ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿಯುವ ಬಿಸಿಲಿನಲ್ಲಿ ತೇಲುವ ಧೂಳನ್ನು ನೋಡುತ್ತ ಆಗ ಹತ್ತು ವರ್ಷದವಳಾಗಿದ್ದ ಸುಮಿತ್ರ ನಿಂತೇ ಇರುತ್ತಿದ್ದಳು. ಒಮ್ಮೆ ಪಾಚಿ ತೊಳೆಯಲು ಇಳಿಸಿದ ಹೆಂಚು ನನ್ನ ಕೈಜಾರಿ ಒಡೆಯಿತು. ನಾಳೆ ಬೇರೆ ಹಾಕಿದರಾಯಿತು ಎಂದು ಬಿಟ್ಟೆ. ಸಂಜೆಯೇ ಹೂಮಳೆ ಸುರಿದು ಒಣಗಿಸಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ನೆನೆದವು. ತಪ್ಪು ನನ್ನ ಮೇಲೆ ಬಾರದಿರಲೆಂದು, ಆ ಹುಡುಗಿ ಕಲ್ಲು ಹೊಡೆದಳು ಎಂದು ತೋಟದ ಸಾಹುಕಾರರಿಗೆ ಹೇಳಿದೆ. ಮಂಜಯ್ಯ ಎಲ್ಲರೆದುರು ಅವಳಿಗೆ ಹೊಡೆದ. ವಾರದೊಳಗೆ ಅವರು ತೋಟ ಬಿಟ್ಟು ಕಳಸದ ಕಡೆ ಹೋದರು.

ಹನ್ನೊಂದಕ್ಕೆ ಶಾಲೆ ಮುಟ್ಟಿದೆ. ಸುಮಿತ್ರ ಈಗ ವಿಜ್ಞಾನಿ. ಲೇಸರ್ ಬೆಳಕು ಪರಮಾಣುಗಳ ಓಟವನ್ನು ತಗ್ಗಿಸುತ್ತದಂತೆ. ಆಮೇಲೆ ಬೆಳಕನ್ನೇ ಇಕ್ಕಳ ಮಾಡಿ ಒಂದೊಂದನ್ನೇ ಹಿಡಿದು, ಸಾಲಾಗಿ ನಿಲ್ಲಿಸಿ, ಅವುಗಳಿಂದ ಹೊಸ ಬಗೆಯ ಕಂಪ್ಯೂಟರ್ ಕಟ್ಟುತ್ತಾರಂತೆ. ಗಾಳಿಯ ಒಂದು ಕಣ ತಾಗಿದರೂ ಪರಮಾಣು ತಪ್ಪಿಸಿಕೊಳ್ಳುತ್ತದೆ. ಆಗ ಇನ್ನೊಂದನ್ನು ತಂದು ಆ ಜಾಗ ತುಂಬಬೇಕು. ಇದರ ಆಸೆ ಹುಟ್ಟಿದ್ದು ಒಂದು ಗೋಡೌನಿನ ಧೂಳಿನಲ್ಲಿ ಎಂದು ಅವಳು ಮಕ್ಕಳಿಗೆ ಹೇಳಿದಾಗ ನಾನು ತಲೆ ತಗ್ಗಿಸಿದೆ.

ಭಾಷಣ ಮುಗಿದ ಮೇಲೆ ಹತ್ತಿರ ಹೋಗಿ, ಹೆಂಚು ಒಡೆದವನು ನಾನೇ ಎಂದೆ. ಅವಳು ನನ್ನ ಗುರುತು ಹಿಡಿದಳು.

"ನಾನು ಒಡೀಲಿಲ್ಲ ಅಂತ ನಂಗೆ ಗೊತ್ತೇ ಇತ್ತಲ್ಲ ರೈಟ್ರೇ. ಗೊತ್ತಿಲ್ದಿದ್ದು ಅಪ್ಪಂಗೆ. ಅವ್ರಿಗೆ ಹೇಳಿ."

ಮಂಜಯ್ಯ ಮುಂದಿನ ಸಾಲಿನಲ್ಲಿ ಕುಳಿತೇ ಇದ್ದ. ಅವನೆದುರು ನಿಂತು ಎಲ್ಲ ಹೇಳಿದೆ. ಅವನು ಬೈಯಲಿಲ್ಲ.

"ನಾ ಅವ್ಳಿಗೆ ಹೊಡ್ದಿದ್ನಲ್ಲ" ಎಂದಷ್ಟೇ ಹೇಳಿ, ಎದ್ದು ಮಗಳ ಕಡೆ ನಡೆದ. ಅಲ್ಲಿ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ.

ಮೂರು ಗಂಟೆಯ ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹಿಂತಿರುಗಿ ನೋಡಿದೆ. ಅಪ್ಪ ಮಗಳು ರಸ್ತೆಬದಿಯಲ್ಲಿ ನಡೆಯುತ್ತಿದ್ದರು. ಅವಳು ಬೇಡವೆಂದು ಎಳೆಯುತ್ತಿದ್ದರೂ ಅವಳ ಚೀಲವನ್ನು ಮಂಜಯ್ಯ ಬಿಟ್ಟುಕೊಡಲಿಲ್ಲ.

ಕೊಟ್ಟಿಗೆಹಾರದಲ್ಲಿ ಮತ್ತೆ ಬಸ್ ನಿಂತಿತು. ನಾಲ್ಕು ನೀರುದೋಸೆ ತಿಂದೆ.