ಮೂಗಿಗೆ ಉಜ್ಜಿದ ಹೆಬ್ಬೆರಳು

ಮೊನ್ನೆ ಶುಕ್ರವಾರ ನೀವಿಬ್ಬರೂ ಸೇರಿ ನನಗೊಂದು ಹೊಸ ಫೋನು ಕೊಟ್ಟಿರಿ. ಬೆರಳಿಟ್ಟರೆ ಸಾಕು, ಅಂಕೆ ಒತ್ತುವ ಕಷ್ಟವಿಲ್ಲ ಎಂದಿರಿ. ನಾನು ಬೆರಳಿಟ್ಟೆ. ಅದು ಒಪ್ಪಲಿಲ್ಲ. ಎಡಗೈಯದನ್ನು ಇಟ್ಟೆ, ಅದನ್ನೂ ಒಪ್ಪಲಿಲ್ಲ. ನಿಹಾಲ್ ನನ್ನ ಹೆಬ್ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿ, "ಅಜ್ಜಿ, ನಿಮ್ಮ ಫಿಂಗರಲ್ಲಿ ಲೈನ್ಸೇ ಇಲ್ಲ" ಎಂದ. ನಾನು ಹೆಬ್ಬೆರಳನ್ನು ಮೂಗಿನ ಪಕ್ಕಕ್ಕೆ ಎರಡು ಸಲ ಉಜ್ಜಿ ಮತ್ತೆ ಇಟ್ಟೆ. ಫೋನು ತೆಪ್ಪಗೆ ಒಪ್ಪಿಕೊಂಡಿತು. ಶ್ರಾವ್ಯ ಮುಖ ಸಿಂಡರಿಸಿದಳು. ನಿಹಾಲ್ ಮಾತ್ರ, "ಇದು ನಿಮಗೆ ಯಾರು ಕಲಿಸಿದ್ದು?" ಎಂದು ಕೇಳಿದ.

"ಪದ್ದಜ್ಜ" ಎಂದೆ. ಅಷ್ಟರಲ್ಲಿ ನಿಮ್ಮಮ್ಮ ಊಟಕ್ಕೆ ಕರೆದಳು, ನಾನು ಬಚಾವಾದೆ. ಉಳಿದ ಉತ್ತರವನ್ನು ಬಾಯಲ್ಲಿ ಹೇಳುವುದು ನನ್ನಿಂದಾಗದು. ಎದುರಿಗೆ ಮೂರು ಜನ ಕೂತರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ನಿಮ್ಮಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಬರೆಯುವಾಗ ಮಾತ್ರ ಸ್ವಲ್ಪ ಧೈರ್ಯ ಬರುತ್ತದೆ. ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ, ಇನ್ನೂ ಕೈಯಲ್ಲಿ ಉಳಿದಿದೆ. ಓದಲು ಕಷ್ಟವಾದ ಕಡೆ ಸದ್ಯಕ್ಕೆ ಅಪ್ಪನನ್ನು ಕೇಳಬೇಡಿ, ನನ್ನನ್ನೇ ಕೇಳಿ.

ಪದ್ದಜ್ಜ ನಿಮಗೆ ಅಲ್ಪಸ್ವಲ್ಪ ನೆನಪಿರಬೇಕು. ನಾವು ಈ ಗಲ್ಫ್ ಊರಿಗೆ ಬಂದ ಹೊಸತರಲ್ಲಿ ಅಲ್ ಸದ್ದ್ ಬಡಾವಣೆಯ ಹಳೆಯ ಕಟ್ಟಡದಲ್ಲಿದ್ದಾಗ ಮೂರನೇ ಮಹಡಿಯಲ್ಲಿದ್ದ ವನಿತಾ ಆಂಟಿಯ ಅಪ್ಪ. ಹೆಸರು ಪದ್ಮನಾಭ, ನನಗೆ ಪದ್ದಣ್ಣ. ಯಾವಾಗಲೂ ಕ್ಯಾನ್ವಾಸ್ ಶೂ. ನಡೆದರೆ ಸದ್ದೇ ಇರುತ್ತಿರಲಿಲ್ಲ. ಲಿಫ್ಟಿನಲ್ಲಿ ಅವರು ನನ್ನ ಹಿಂದೆಯೇ ನಿಂತದ್ದು ಗೊತ್ತಾಗದೆ ಎರಡು ಸಲ ಬೆಚ್ಚಿಬಿದ್ದಿದ್ದೇನೆ. ಊರೂರು ತಿರುಗಿ ಲುಂಗಿ, ಬೆಡ್‌ಶೀಟು ಮಾರಿ ತನ್ನನ್ನು ಓದಿಸಿದರು ಎಂದು ವನಿತಾ ಹೆಮ್ಮೆಯಿಂದ ಹೇಳುತ್ತಿದ್ದಳು. ಅವಳ ಗಂಡನಿಗೆ ಇಲ್ಲಿಯ ಒಂದು ಬ್ಯಾಂಕಿನಲ್ಲಿ ಕೆಲಸ. ಇದೊಂದನ್ನು ನೆನಪಿಟ್ಟುಕೊಳ್ಳಿ.

ಒಮ್ಮೆ ಎರಡೂ ಮನೆಯವರು ಸೂಕ್ ವಾಕಿಫ್‌ನ ಹಳೆಯ ಪೇಟೆಗೆ ಹೋಗಿದ್ದೆವು. ಎಲ್ಲರೂ ಕೇಸರಿ, ಖರ್ಜೂರ ಎಂದು ಮುಂದೆ ಹೋದರೆ ಪದ್ದಣ್ಣ ಒಂದು ಮುಚ್ಚಿದ ಅಂಗಡಿಯ ಮುಂದೆ ನಿಂತುಬಿಟ್ಟಿದ್ದರು. "ಬಾಗ್ಲು ಗಟ್ಟಿ ಉಂಟಕ್ಕ. ಆದ್ರೆ ಆ ಬೀಗ ನೋಡಿ, ಬರೀ ಶೋಕಿಗೆ" ಎಂದರು. ಬಟ್ಟೆ ಮಾರುವವರಿಗೆ ಬೀಗದ ಬಗ್ಗೆ ಇಷ್ಟು ತಿಳಿವಳಿಕೆಯೇ ಎಂದು ನಾನು ಮೆಚ್ಚಿಕೊಂಡೆ. ನನ್ನ ಬುದ್ಧಿ ಓಡುವುದು ಅಷ್ಟೇ ದೂರ.

ಚಳಿಗಾಲದ ಸಂಜೆಗಳಲ್ಲಿ ಅವರು ಪಾರ್ಕಿನಲ್ಲಿ ನಿಮ್ಮ ಜೊತೆ ಕಳ್ಳ ಪೊಲೀಸ್ ಆಡುತ್ತಿದ್ದರು. ನಿಹಾಲನಿಗೆ ಆಗ ಐದು ವರ್ಷ, ಶ್ರಾವ್ಯಳಿಗೆ ಏಳು. ಪೊಲೀಸ್ ಆಗಿ ಎಂದು ನೀವು ಎಷ್ಟು ಗೋಗರೆದರೂ ಅವರು ಆಗುತ್ತಿರಲಿಲ್ಲ. "ನಾನು ಕಳ್ಳನೇ. ಅದಾದ್ರೆ ಆಡ್ತೇನೆ." ಸಿಕ್ಕಿಬಿದ್ದಾಗ ಶ್ರಾವ್ಯ ಅವರ ಕಿವಿ ಹಿಂಡಿ, ಇನ್ನೊಬ್ಬ ಕಳ್ಳ ಎಲ್ಲಿ ಅಡಗಿದ್ದಾನೆ ಹೇಳಿ ಎನ್ನುತ್ತಿದ್ದಳು. ನಿಹಾಲ್ ಅವರೆದುರಿಗೇ ಕಸದ ಡಬ್ಬಿಯ ಹಿಂದೆ ಕೂತಿರುತ್ತಿದ್ದ. ಕಿವಿ ಕೆಂಪಾಗುತ್ತಿತ್ತೇ ಹೊರತು ಅವರು ಬಾಯಿ ಬಿಡುತ್ತಿರಲಿಲ್ಲ. "ಪದ್ದಜ್ಜಂಗೆ ಆಟವೇ ಗೊತ್ತಿಲ್ಲ, ಹೇಳುವುದೇ ಇಲ್ಲ" ಎಂದು ನೀನು ನನ್ನ ಬಳಿ ದೂರು ತರುತ್ತಿದ್ದೆ, ಶ್ರಾವ್ಯ.

ಆ ವರ್ಷವೇ, ಇಲ್ಲಿ ನಿಮ್ಮ ಜೊತೆ ಉಳಿಯಲು ಬೇಕಾದ ನನ್ನ ಪರ್ಮಿಟ್ಟಿನ ಕೆಲಸ ಶುರುವಾಯಿತು. ರಕ್ತಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು, ಬೆರಳಚ್ಚಿಗೆ ಬಂದಾಗ ಗಾಡಿ ನಿಂತಿತು. ಮದುವೆಗೆ ಮೊದಲು ಹತ್ತು ವರ್ಷ, ಆಮೇಲೆ ಇಪ್ಪತ್ತು ವರ್ಷ ನಾನು ಬೀಡಿ ಕಟ್ಟಿದವಳು. ಎಲೆ ಕತ್ತರಿಸಿ, ಸುರುಳಿ ಸುತ್ತಿ, ತುದಿ ಮಡಚಿ ಮಡಚಿ ನನ್ನ ಬೆರಳ ತುದಿಗಳು ಹೊಳೆಯ ಕಲ್ಲಿನ ಹಾಗೆ ನುಣುಪಾಗಿವೆ. ಮಿಷಿನು ಎರಡು ಸಲ ನನ್ನನ್ನು ವಾಪಸು ಕಳಿಸಿತು. ಮೂರನೆಯ ಸಲವೂ ಬಾರದಿದ್ದರೆ ಏನು ಗತಿ ಎಂದು ನಿಮ್ಮಮ್ಮ ಫೋನಿನಲ್ಲಿ ಯಾರನ್ನೋ ಕೇಳುವುದು ನನ್ನ ಕಿವಿಗೆ ಬಿದ್ದಿತ್ತು.

ಪದ್ದಣ್ಣನ ಕಥೆ ಬೇರೆ. ಅವರಿಗೂ ಬೆರಳಚ್ಚು ಕೊಡಲಿತ್ತು. ಆದರೆ ಹೋಗುವ ದಿನವೇ ಅವರಿಗೆ ಹೊಟ್ಟೆನೋವು. ಮೂರು ಸಲ ಹೀಗಾದ ಮೇಲೆ ವನಿತಾ ಅವರನ್ನೂ ನಮ್ಮ ಕಾರಿಗೇ ಹತ್ತಿಸಿ ಕಳಿಸಿದಳು. ಕಚೇರಿಯ ಹೊರಗೆ ನೆರಳಿನಲ್ಲೊಂದು ಬೆಂಚು. ನಿಮ್ಮಮ್ಮ ಟೋಕನ್ ತರಲು ಒಳಗೆ ಹೋದಳು. ಪದ್ದಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿ ಕೂತಿದ್ದರು.

"ಎಂತ ಪದ್ದಣ್ಣ, ಇಷ್ಟು ಬೆವರ್ತಿದ್ದೀರಿ?"

"ಅಕ್ಕ, ನೀವು ಯಾರ ಹತ್ರವೂ ಮಾತಾಡ್ಲಿಕ್ಕಿಲ್ಲ ಅಲ್ವಾ?"

"ನಾನು ಮಾತಾಡುವುದೇ ಕಡಿಮೆ."

"ಅದಕ್ಕೇ ನಿಮ್ಮತ್ರ ಹೇಳುದು" ಎಂದು, ಅಂಗಡಿಯ ಸಾಮಾನಿನ ಪಟ್ಟಿ ಓದುವವರ ಹಾಗೆ ಹೇಳತೊಡಗಿದರು. ಬಟ್ಟೆಯ ಗಂಟು ಬರೀ ತೋರಿಕೆಗೆ. ಕೆಲಸ ಬ್ಯಾಂಕ್ ಕನ್ನ. ಸಣ್ಣ ಊರುಗಳ ಹೆಂಚಿನ ಮಾಡಿನ ಬ್ಯಾಂಕುಗಳು, ಭಾನುವಾರದ ಮಧ್ಯಾಹ್ನ, ಜೊತೆಗೆ ಲೋಕಯ್ಯ ಎಂಬ ಗೆಳೆಯ. ಒಬ್ಬ ಹೆಂಚು ತೆಗೆದರೆ ಇನ್ನೊಬ್ಬ ಇಳಿಯುವುದು. ಒಟ್ಟು ಹನ್ನೊಂದು. ಸ್ವಲ್ಪ ಯೋಚಿಸಿ, "ಹನ್ನೆರಡು. ಒಂದ್ರಲ್ಲಿ ತಿಜೋರಿ ತೆಗಿಲಿಕ್ಕೇ ಆಗ್ಲಿಲ್ಲ, ಮ್ಯಾನೇಜರನ ಕೊಡೆ ತಕೊಂಡು ಬಂದದ್ದು. ಮಳೆ ಇತ್ತು" ಎಂದರು.

ನನಗೆ ನಗು ಬಂತು. ಮರುಕ್ಷಣವೇ ನಮ್ಮೂರ ಬ್ಯಾಂಕಿನ ಮೆಟ್ಟಿಲಲ್ಲಿ, ಅಡವಿಟ್ಟ ಒಂದೆಳೆ ಸರ ಹೋಯಿತೆಂದು ಎದೆ ಬಡಿದುಕೊಂಡ ಹೆಂಗಸರು ನೆನಪಾದರು. "ಅದ್ರಲ್ಲಿ ನಮ್ಮಂಥವರ ಚಿನ್ನವೂ ಇತ್ತಲ್ವಾ ಪದ್ದಣ್ಣ?" ಎಂದೆ. ನಾನು ಅಷ್ಟು ನೇರವಾಗಿ ಯಾರನ್ನೂ ಕೇಳಿದವಳಲ್ಲ.

"ಇತ್ತು" ಎಂದರು. ತಲೆ ಎತ್ತಲಿಲ್ಲ.

"ಪೊಲೀಸರು ಹಿಡೀಲಿಲ್ವಾ?"

"ಹಿಡ್ದಿದ್ರು, ಸುರೂವಿಗೇ. ಒಬ್ಬ ಸಾಹೇಬ್ರು. ಹತ್ತು ಬೆರಳನ್ನೂ ಶಾಯಿಯಲ್ಲಿ ಒತ್ತಿಸಿ, ಆ ಕಾಗದವನ್ನು ನನ್ನ ಕಣ್ಣೆದುರೇ ಜೇಬಿಗೆ ಹಾಕಿದ್ರು. ನನ್ನ ಠಾಣೆಯ ಗಡಿಯ ಹೊರಗೆ ನೀ ಎಂತ ಬೇಕಾದ್ರೂ ಮಾಡು, ಒಳಗೆ ಯಾರು ಎಂತ ಮಾಡ್ತಾರೆ ನಂಗೆ ಹೇಳು ಅಂದ್ರು. ಹದಿನೆಂಟು ವರ್ಷ ಹೇಳಿದೆ ಅಕ್ಕ. ಕೊನೆಗೆ ಹೇಳ್ಲಿಕ್ಕೆ ಯಾರೂ ಉಳೀಲಿಲ್ಲ. ಸಾಹೇಬ್ರು ಬಿಡ್ಲಿಲ್ಲ. ಲೋಕುವಿನ ಹೆಸ್ರು ಹೇಳಿದೆ."

ಲೋಕಯ್ಯನಿಗೆ ಏಳು ವರ್ಷ ಜೈಲು. ಹೆಸರು ಕೊಟ್ಟದ್ದು ಯಾರೆಂದು ಅವನಿಗೆ ಆವರೆಗೂ ಗೊತ್ತಿರಲಿಲ್ಲ. ಪದ್ದಣ್ಣ ಪ್ಲಾಸ್ಟಿಕ್ ಫೈಲಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಇವರ ಮೇಲೆ ಯಾವ ಮೊಕದ್ದಮೆಯೂ ಇಲ್ಲ ಎಂದು ಊರಿನ ಪೊಲೀಸರು ಕೊಟ್ಟ ಸರ್ಟಿಫಿಕೇಟು. "ಇದು ಲೋಕುವಿನ ಏಳು ವರ್ಷ" ಎಂದರು. ಇನ್ನು ಆ ಹಳೆಯ ಶಾಯಿಯ ಕಾಗದ ಎಲ್ಲಿಯಾದರೂ ಉಳಿದಿದ್ದು, ಇಲ್ಲಿಯ ಮಿಷಿನು ಅದನ್ನು ಹುಡುಕಿ ತೆಗೆದರೆ? ಬ್ಯಾಂಕಿನ ಅಳಿಯ ಮನೆಯೊಳಗೆ ಇಟ್ಟುಕೊಳ್ಳುತ್ತಾನೆಯೇ? ಮಗಳು ಮುಖ ನೋಡುತ್ತಾಳೆಯೇ? ಹೊಟ್ಟೆನೋವಿನ ಮೂಲ ಇದು.

ಅಷ್ಟರಲ್ಲಿ ನಿಮ್ಮಮ್ಮ ನನ್ನ ಟೋಕನ್ ತಂದಳು. ನಾನು ಎದ್ದೆ. ಪದ್ದಣ್ಣ ನನ್ನ ಕೈ ನೋಡಿದರು. "ಬೀಡಿಯ ಕೈ ಅಲ್ವಾ? ಒಣ ಬೆರಳಿಟ್ರೆ ಬರ್ಲಿಕ್ಕಿಲ್ಲ. ಮೂಗಿನ ಬದಿಗೆ ಉಜ್ಜಿ. ಅಲ್ಲಿ ಎಣ್ಣೆ ಉಂಟು. ಆ ಎಣ್ಣೆಯ ಗುರ್ತು ಬೀಳ್ತದೆ ಅಂತ ಹೆದ್ರಿ ನಾನು ಬೇಸಿಗೆಯಲ್ಲೂ ಕೈಗವಸು ಹಾಕ್ತಿದ್ದದ್ದು."

ಒಳಗೆ ಕಪ್ಪು ಅಬಾಯಾ ತೊಟ್ಟ ಹುಡುಗಿ ಕೂತಿದ್ದಳು. ಅವಳೆದುರು ಮೂಗುಜ್ಜಿಕೊಳ್ಳುವುದೆಂದರೆ ನನಗೆ ಪ್ರಾಣಸಂಕಟ. ಸೆರಗು ಅಡ್ಡ ಹಿಡಿದು ಒಂದೊಂದೇ ಬೆರಳು ಉಜ್ಜಿ ಇಟ್ಟೆ. ಪರದೆಯ ಮೇಲೆ ನನ್ನ ಗೆರೆಗಳು ಮಸುಕಾಗಿ, ಆದರೂ ಗೆರೆಗಳಾಗಿಯೇ ಮೂಡಿದವು. ಅವಳು ನಗುತ್ತ "ಖಲಾಸ್, ಮಾಮಾ" ಎಂದಳು, ಮುಗಿಯಿತಮ್ಮಾ ಎಂದರ್ಥ. ನಿಮ್ಮ ಜೊತೆ ಈ ಎಂಟು ವರ್ಷ ನಾನು ಇಲ್ಲಿ ಇದ್ದೇನೆಂದರೆ ಅದು ಒಬ್ಬ ಬ್ಯಾಂಕ್ ಕಳ್ಳನ ಉಪಕಾರ.

ಪದ್ದಣ್ಣ ಗಂಡಸರ ಕಡೆಯಿಂದ ಹತ್ತು ನಿಮಿಷದಲ್ಲಿ ಬಂದರು. "ಒಂದೇ ಸಲಕ್ಕೆ ಬಂತಕ್ಕ. ಮಿಷಿನಿಗೆ ನನ್ನ ಗುರ್ತವೇ ಇಲ್ಲ." ಮುಖದಲ್ಲಿ ಸಮಾಧಾನವಿತ್ತು. ಜೊತೆಗೆ ಒಂದು ಚೂರು ಬೇಸರವೂ ಇದ್ದಂತೆ ನನಗೆ ಕಂಡಿತು.

ನಾನು ಯಾರಿಗೂ ಹೇಳಲಿಲ್ಲ. ನಿಮ್ಮಪ್ಪನೂ ವನಿತಾಳ ಗಂಡನೂ ಎಷ್ಟು ಸ್ನೇಹಿತರೆಂದು ನಿಮಗೆ ಗೊತ್ತು. ಪ್ರತಿದಿನ ಊಟಕ್ಕೆ ಬಡಿಸುವಾಗ ಮಾತು ನಾಲಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಐದನೆಯಲ್ಲಿ ನಾನು ಕ್ಲಾಸಿನ ಲೀಡರ್ ಆಗಿದ್ದೆ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ. ಮೇಷ್ಟ್ರ ಮೆಚ್ಚುಗೆಗೆಂದು ನನ್ನ ಗೆಳತಿ ಸುಂದರಿಯ ಹೆಸರು ಬರೆದೆ. ಅವಳಿಗೆ ಬಿದ್ದ ಎರಡು ಪೆಟ್ಟು ಇವತ್ತಿಗೂ ನನ್ನ ಕಿವಿಯಲ್ಲಿವೆ. ನನ್ನ ಬಾಯಿಗೆ ಬೀಗ ಬಿದ್ದದ್ದು ಆವತ್ತು ಎಂದು ಕಾಣುತ್ತದೆ.

ಪರ್ಮಿಟ್ ಕೈಗೆ ಬಂದ ವಾರ ಪದ್ದಣ್ಣ ಪಾರ್ಕಿನಲ್ಲಿ ನನ್ನ ಪಕ್ಕ ಕೂತರು. "ಇನ್ನು ಹೆದ್ರಿಕೆ ಇಲ್ಲ ಅಲ್ವಾ ಅಕ್ಕ. ಆದ್ರೂ ನಿದ್ರೆ ಇಲ್ಲ. ನಿಮ್ಮ ಅಕ್ಷರ ಚಂದ ಉಂಟಂತೆ. ಲೋಕುವಿಗೆ ಒಂದು ಕಾಗದ ಬರ್ದು ಕೊಡ್ತೀರಾ?" ಶ್ರಾವ್ಯಳ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ಬರೆದೆ. ಆ ಹಾಳೆಗಾಗಿ ನೀನು ಅತ್ತದ್ದು ನೆನಪಿದೆ. ನಾನು "ಪರಿಸ್ಥಿತಿಯ ಒತ್ತಡದಿಂದ" ಎಂದು ಬರೆಯಹೊರಟಾಗ ಅವರು ತಡೆದರು. "ಅದೆಲ್ಲ ಬೇಡ. ನಾನೇ ಹೇಳಿದ್ದು ಅಂತ ಬರೀರಿ, ಸಾಕು." ಊರಿಗೆ ಹೊರಟವರೊಬ್ಬರ ಬ್ಯಾಗಿನಲ್ಲಿ ಕಾಗದ ಹೋಯಿತು.

ಇಪ್ಪತ್ತು ದಿನಗಳ ನಂತರ, ಲೋಕಯ್ಯನ ಮಗಳ ಫೋನಿನಿಂದ ಪದ್ದಣ್ಣನಿಗೆ ಒಂದು ಧ್ವನಿ ಸಂದೇಶ ಬಂತು. ಪಾರ್ಕಿನ ಬೆಂಚಿನಲ್ಲಿ ಕೂತು ನನಗೂ ಕೇಳಿಸಿದರು. ಕೆಮ್ಮು, ಆಮೇಲೆ ಒರಟು ಸ್ವರ: "ಕಾಗದ ಸಿಕ್ತು. ಇಂಥದ್ದನ್ನು ಬೇರೆಯವ್ರ ಕೈಯಲ್ಲಿ ಬರೆಸುದಾ ಮಾರಾಯ? ಹೇಳ್ಲಿಕ್ಕೆ ಉಂಟಾದ್ರೆ ಇಲ್ಲಿಗೆ ಬಂದು ಹೇಳು." ಅಷ್ಟೇ.

ಪದ್ದಣ್ಣ ಊರಿಗೆ ಹೊರಟುನಿಂತರು. ಆರು ತಿಂಗಳು ಹೊರಗಿದ್ದರೆ ಪರ್ಮಿಟ್ ಹೋಗುತ್ತದೆ ಎಂದು ವನಿತಾ ನೂರು ಸಲ ಹೇಳಿ ಕಳಿಸಿದಳು. ಅವರು ಮರಳಿ ಬರಲಿಲ್ಲ. ಹೊರಡುವ ದಿನ ನನ್ನ ಹತ್ತಿರ, "ನಾನು ಸತ್ತ ಮೇಲೆ ಈ ಮಕ್ಕಳಿಗೆ ಹೇಳಿ ಅಕ್ಕ. ಆದ್ರೆ ಅರ್ಧ ಹೇಳ್ಬೇಡಿ. ಬ್ಯಾಂಕಿನದ್ದು ಮಾತ್ರ ಹೇಳಿದ್ರೆ ನನ್ನನ್ನು ಹೀರೋ ಮಾಡ್ತಾರೆ. ಲೋಕುವಿನದ್ದೂ ಹೇಳಿ" ಎಂದರು. ಒಂದು ವರ್ಷದ ಮೇಲೆ ವನಿತಾ ಒಂದು ಫೋಟೋ ತೋರಿಸಿದಳು. ಯಾವುದೋ ಜಗಲಿ, ಇಬ್ಬರು ಮುದುಕರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ. ಇಬ್ಬರ ಕೈಯಲ್ಲೂ ಚಹಾ.

ಪದ್ದಣ್ಣ ಹೋಗಿ ಈಗ ಎರಡು ತಿಂಗಳು. ವನಿತಾ ಊರಿನಿಂದ ಫೋನ್ ಮಾಡಿದ್ದಳು. "ಅಪ್ಪ ಎಲ್ಲ ಹೇಳಿಯೇ ಹೋದ್ರು ಆಂಟಿ. ನಿಮಗೆ ಮೊದಲೇ ಗೊತ್ತಿತ್ತಂತಲ್ಲ. ಒಂದು ಮಾತು ನಂಗೆ ಹೇಳ್ಬಹುದಿತ್ತು." ನಾನು ಹೂಂ ಎಂದೆ. ಇಷ್ಟು ವರ್ಷ ಯಾರಿಗೂ ಹೇಳದೆ ಉಳಿದದ್ದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ಅದರಲ್ಲಿ ಸ್ವಲ್ಪ ಪುಕ್ಕಲುತನವೂ ಇತ್ತೆಂದು ಆ ಫೋನು ಇಟ್ಟ ಮೇಲೆ ತಿಳಿಯಿತು.

ಶ್ರಾವ್ಯ, ಪದ್ದಜ್ಜನಿಗೆ ಆಟ ಗೊತ್ತಿಲ್ಲ ಎಂದಿದ್ದೆಯಲ್ಲ, ಅವರು ಎದುರಿಗೇ ಕಂಡ ನಿಹಾಲನನ್ನು ಯಾಕೆ ತೋರಿಸಿಕೊಡಲಿಲ್ಲ ಎಂದು ಈಗ ನೀನೇ ಯೋಚಿಸು. ಓದಿ ಮುಗಿಸಿದ ಮೇಲೆ ಈ ಹಾಳೆಗಳನ್ನು ನಿಮ್ಮಪ್ಪನಿಗೆ ಕೊಡಿ. ಮೊದಲು ಬೇಡ ಎಂದಿದ್ದೆ, ಈಗ ಕೊಡಿ ಎನ್ನುತ್ತಿದ್ದೇನೆ. ಅವನು ಓದುವಾಗ ನಾನು ಅಡುಗೆಮನೆಯಲ್ಲಿರುತ್ತೇನೆ. ಬಾಗಿಲು ತೆರೆದೇ ಇರುತ್ತದೆ. ಏನಾದರೂ ಕೇಳುವುದಿದ್ದರೆ ಬಂದು ಕೇಳಲಿ, ಬಾಯಲ್ಲೇ ಹೇಳುತ್ತೇನೆ.