ಉತ್ತರ ಬಾರದ ಮನೆಯ ಸ್ತೋತ್ರಕೂಟ

ದೇವರಿಗೆ ಸ್ತೋತ್ರ ಹೇಳಬೇಕಾದರೆ ಆತನು ಮೊದಲು ನಮ್ಮ ಮಾತನ್ನು ನಡೆಸಿಕೊಡಲೇಬೇಕೆ? ಹೌದೆಂದು ಬಾಯಿಬಿಟ್ಟು ಹೇಳುವ ವಿಶ್ವಾಸಿಯನ್ನು ನಾನು ಕಂಡಿಲ್ಲ. ಆದರೆ ಮಡಗಾಂವದ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆ ಬಹುಕಾಲ ಹಾಗೆಂದು ನಂಬಿದಂತೆಯೇ ನಡೆದುಕೊಂಡಿತು.

ನಮ್ಮಲ್ಲೊಂದು ಪದ್ಧತಿಯಿದೆ. ಯಾರದಾದರೂ ಪ್ರಾರ್ಥನೆಗೆ ಉತ್ತರ ಬಂದರೆ ಅವರು ಸಭೆಯನ್ನು ಮನೆಗೆ ಕರೆದು ಸ್ತೋತ್ರಕೂಟ ಇಡುತ್ತಾರೆ. ಮಗಳಿಗೆ ವರ ಗೊತ್ತಾಯಿತು, ಕೂಸಿನ ಜ್ವರ ಇಳಿಯಿತು, ಬಂದರಿನ ಕೆಲಸ ಕಾಯಂ ಆಯಿತು, ಅಷ್ಟು ಸಾಕು. ಶುಕ್ರವಾರ ಸಂಜೆ ಚಾಪೆಯ ಮೇಲೆ ಕೂತು ಕೀರ್ತನೆ ಹಾಡಿ, ಪ್ರಾರ್ಥಿಸಿ, ಉಪ್ಪಿಟ್ಟು ತಿಂದು, ಚಹಾ ಕುಡಿದು ಬರುತ್ತೇವೆ. ವಿಜಯಪುರದ ಕಡೆಯಿಂದ ದುಡಿಯಲು ಬಂದವರಿಗೂ ಧಾರವಾಡದಿಂದ ನೌಕರಿಗೆ ಬಂದ ನನ್ನಂಥವರಿಗೂ ಗೋವಾದಲ್ಲಿ ತವರೆಂಬುದು ಇದ್ದರೆ ಅದು ಈ ಶುಕ್ರವಾರಗಳೇ. ಆ ಪದ್ಧತಿಯನ್ನು ನಾನು ಇಂದಿಗೂ ಪ್ರೀತಿಸುತ್ತೇನೆ.

ಆದರೆ ಅದರ ಇನ್ನೊಂದು ಮುಖವನ್ನು ಯಾರೂ ಯೋಚಿಸಿರಲಿಲ್ಲ. ಉತ್ತರ ಬಾರದ ಮನೆಗೆ ಸಭೆ ಹೋಗುವುದು ಯಾವ ನೆವದಿಂದ?

ಮೋತಿ ಡೊಂಗರ್ ಗುಡ್ಡದ ಮೇಲೆ ಅಂಥದೊಂದು ಮನೆಯಿತ್ತು. ಅದರ ಯಜಮಾನರು ಮನೆ ಕಟ್ಟುವ ಗೌಂಡಿ ಮೇಸ್ತ್ರಿ. ಸಭೆಯಲ್ಲಿ ಕೀರ್ತನೆ ಎತ್ತಿಕೊಡುತ್ತಿದ್ದವರೂ ಅವರೇ. ಲಕ್ವಾ ಹೊಡೆದು ಅವರ ಬಲಗೈಯೂ ಬಲಗಾಲೂ ಮಾತೂ ಹೋದವು. ಸಭೆಯೆಲ್ಲ ಉಪವಾಸವಿದ್ದು ಬೇಡಿಕೊಂಡಿತು. ಕಾಲಿಗೆ ತಕ್ಕಮಟ್ಟಿಗೆ ಬಲ ಬಂತು, ಮಾತು ಬರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಆಕೆ ಭಾನುವಾರ ಗಂಡನ ಕೈ ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂರುವರು. ಕೊನೆಯ ಕೀರ್ತನೆ ಮುಗಿಯುವ ಮೊದಲೇ ಎದ್ದು ನಡೆಯುವರು. ಬಾಗಿಲಲ್ಲಿ ನಿಂತರೆ “ಉತ್ತರ ಬಂತೇನ್ರಿ ಅಕ್ಕಾ?” ಎಂಬ ಪ್ರೀತಿಯ ವಿಚಾರಣೆಯಿಂದ ಬಿಡುಗಡೆಯಿರಲಿಲ್ಲ. ಕ್ರಮೇಣ ಅವರ ಭಾನುವಾರಗಳೂ ತಪ್ಪತೊಡಗಿದವು. ಇಬ್ಬರೂ ಸಭೆಯನ್ನೇ ಬಿಟ್ಟಾರೆಂಬ ಭಯ ನನ್ನನ್ನು ಹಿಡಿಯಿತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಸರಿಯಲ್ಲದ್ದು ಕಂಡರೆ ಠರಾವು ಮಂಡಿಸದೆ ಇರಲಾರೆ. ದಂಪತಿಗಳು ಬಂದಿದ್ದ ಒಂದು ಭಾನುವಾರ, ಕೊನೆಯ ಕೀರ್ತನೆಗೆ ಮುಂಚೆಯೇ ಎದ್ದು ನಿಂತು, ಮುಂದಿನ ಸ್ತೋತ್ರಕೂಟ ಅಕ್ಕನ ಮನೆಯಲ್ಲಾಗಲಿ ಎಂದೆ.

ಬಂದರಿನ ಕೆಲಸದಿಂದ ನಿವೃತ್ತರಾಗಿ ಸಭೆಯ ಹಿರಿತನ ಹೊತ್ತಿದ್ದ ಕಾಕಾ ಕನ್ನಡಕ ತೆಗೆದರು. “ಅಲ್ರೀ, ಅಲ್ಲೆ ಎದಕ್ಕಂತ ಸ್ತೋತ್ರ ಹೇಳೂದು? ಮಾತು ಇನ್ನೂ ಬಂದಿಲ್ಲಲ್ಲ.”

“ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ್ರೂ ಅವನ ಶರೀರದ ಮುಳ್ಳು ಹೋಗಲಿಲ್ಲ ಕಾಕಾ. ಹಂಗಂತ ಅವನ ಮನಿಗೆ ನಾವು ಹೋಗ್ತಿದ್ದಿಲ್ಲೇನು?”

“ಪೌಲಗ ಮನಿ ಎಲ್ಲಿತ್ರಿ? ಊರೂರು ತಿರಗಾಂವ.” ಸಭೆ ನಕ್ಕಿತು. ಕಾಕಾ ನಗಲಿಲ್ಲ. “ನಿಮ್ಮ ವಾದ ಚಲೋನ ಐತಿ. ಖರೇ ಹೇಳ್ತೇನಿ, ನನಗ ಧೈರ್ಯ ಸಾಲವಲ್ದು. ದೇವರು ಭಾಳ ಒಳ್ಳೇವ ಅಂತ ಅವರ ಮನ್ಯಾಗ ಕೂತು ಹಾಡಿದ್ರ, ಗಾಯದ ಮ್ಯಾಲ ಉಪ್ಪು ಹಾಕಿದಂಗ ಆಗೂದಿಲ್ಲೇನ್ರಿ?”

ಸಭೆ ದೂರ ಉಳಿದದ್ದು ತಾತ್ಸಾರದಿಂದಲ್ಲ, ದಾಕ್ಷಿಣ್ಯದಿಂದ ಎಂಬುದು ನನಗೆ ಆಗ ತಿಳಿಯಿತು. ಕಾಕಾಗೆ ಉತ್ತರ ಹಿಂದಿನ ಸಾಲಿನಿಂದ ಬಂತು.

“ಕಾಕಾ,” ಎಂದರು ಅಕ್ಕ, “ನಮ್ಮ ಮನಿ ಚಾ ಕುಡ್ಯಾಕ ದೇವರ ಅಪ್ಪಣಿ ಬೇಕೇನ್ರಿ ನಿಮಗ? ಮಾತು ಹೋಗಿದ್ದು ಇವರದು. ನೀವೆಲ್ಲಾರೂ ಯಾಕ ಸುಮ್ಮಗಾದ್ರಿ?”

ಕಾಕಾ ಮೆಲ್ಲನೆ ಕೇಳಿದರು: “ಉಪ್ಪಿಟ್ಟೂ ಮಾಡ್ತೀಯೇನವಾ?”

“ಮೊದಲ ಬರ್ರಿ. ಆಮ್ಯಾಲ ನೋಡೂಣು.”

ಶುಕ್ರವಾರ ಗುಡ್ಡ ಹತ್ತಿದೆವು. ಮನೆ ಸಣ್ಣದು, ಅರ್ಧ ಜನ ಒಳಗೆ, ಅರ್ಧ ಜನ ಮೆಟ್ಟಿಲ ಮೇಲೆ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಡೆಗೊರಗಿ ಕೂತಿದ್ದರು. ಕೀರ್ತನೆ ಎತ್ತಲು ಅಂದು ಕಾಕಾ ಮುಂದಾದರು, ಆದರೆ ಸ್ವರ ತೀರ ಮೇಲಕ್ಕೆ ಹೋಯಿತು. ಮೇಸ್ತ್ರಿ ಮುಖ ಕಿವುಚಿ, ಎಡಗೈ ಅಂಗೈಯನ್ನು ಕೆಳಗೆ ಒತ್ತಿ ತೋರಿಸಿದರು. ಕಾಕಾ ಇಳಿಸಿದರು. ಮೇಸ್ತ್ರಿಗೆ ಅದೂ ಒಪ್ಪಿಗೆಯಾಗಲಿಲ್ಲ. ಮತ್ತೆ ಕೈ ಒತ್ತಿದರು. ಮುಂದಿನ ಸಲ ಒಪ್ಪಿ ತಲೆಯಾಡಿಸಿದರು.

“ಮಾತು ಇಲ್ಲಂದ್ರೂ ಬೈಯೂದು ಬಿಟ್ಟಿಲ್ಲ ನೋಡ್ರಿ,” ಎಂದರು ಅಕ್ಕ. ಮೊದಲು ನಕ್ಕವರು ಮೇಸ್ತ್ರಿಯೇ.

ಕಾಕಾ ಪ್ರಾರ್ಥನೆಗೆ ನಿಂತರು. “ಕರ್ತನೇ, ಇವರಿಗೆ ಮಾತು ಕೊಡು ಅಂತ ಮತ್ತ ಕೇಳಾಕತ್ತೇವಿ. ನೀ ಇನ್ನೂ ಕೊಟ್ಟಿಲ್ಲ. ಯಾಕಂತ ನಮಗ ಗೊತ್ತಿಲ್ಲ. ಇವರನ್ನ ನಮ್ಮ ನಡುವ ಇಟ್ಟದ್ದಕ್ಕ ನಿನಗ ಸ್ತೋತ್ರ.” ಅಷ್ಟೇ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಉಪ್ಪಿಟ್ಟಿನ ಪಾತ್ರೆ ಎತ್ತಿಕೊಂಡರು.

ಅಂದು ಇಳಿದು ಬರುವಾಗ ನನಗೆ ಗೆತ್ಸೇಮನೆ ತೋಟದ ನೆನಪಾಯಿತು. ಸೆರೆಸಿಕ್ಕುವ ರಾತ್ರಿ ಅಲ್ಲಿ ಕ್ರಿಸ್ತನದು ಎರಡು ಬೇಡಿಕೆ. ಸಂಕಟ ತೊಲಗಲೆಂದು ತಂದೆಯನ್ನು ಕೇಳಿಕೊಂಡನು. ನನ್ನ ಜೊತೆ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿಕೊಂಡನು. ಮೊದಲನೆಯದು ಏಕೆ ಈಡೇರಲಿಲ್ಲ ಎಂದು ನಾವು ತಲೆಮಾರುಗಳಿಂದ ತರ್ಕಿಸುತ್ತ ಬಂದಿದ್ದೇವೆ. ಎರಡನೆಯದು ಶಿಷ್ಯರ ಕೈಯಲ್ಲೇ ಇತ್ತು, ಅವರು ನಿದ್ದೆಹೋದರು. ದೇವರ ಮೌನದ ಕಾರಣ ನನಗೆ ಈಗಲೂ ತಿಳಿಯದು. ತಿಳಿಯದೆಯೂ ನೆಮ್ಮದಿಯಿಂದ ಇರಬಹುದೆಂದು ಮಾತ್ರ ಬಲ್ಲೆ.

ಮೇಸ್ತ್ರಿಗೆ ಇಂದಿಗೂ ಮಾತು ಬಂದಿಲ್ಲ. ಆದರೆ ಅವರಿಬ್ಬರೂ ಈಗ ಭಾನುವಾರ ತಪ್ಪಿಸುವುದಿಲ್ಲ. ಕೂಟ ಮುಗಿದ ಮೇಲೂ ಎಲ್ಲರೊಡನೆ ನಿಂತಿರುತ್ತಾರೆ, ಅಕ್ಕನ ಹರಟೆ ಮುಗಿಯುವುದನ್ನು ಮೇಸ್ತ್ರಿ ಅಸಹನೆಯಿಂದ ಕಾಯುತ್ತಾರೆ.

ಓದುಗರೇ, ನಿಮ್ಮ ಸಭೆಯಲ್ಲಿಯೂ ಹೀಗೆ ಬೇಡಿ ದಣಿದವರು ಇದ್ದಾರೆ. ಈ ವಾರ ಅವರ ಮನೆಗೆ ಹೋಗಿ. ಕಾರಣ ವಿವರಿಸಬೇಡಿ. ಅವರು ಬೇಡುತ್ತಿರುವುದನ್ನೇ ಅವರೊಡನೆ ಕೂತು ಇನ್ನೊಮ್ಮೆ ಬೇಡಿಕೊಳ್ಳಿ.