ಸಮಾಜಶಾಸ್ತ್ರದ ಕಿಟಕಿಯ ಮುಂದೆ ಯಾರೂ ಇರಲಿಲ್ಲ

ನನ್ನ ಹಳೆಯ ದಿನಚರಿಗಳು ಒಂದು ದಿಂಬಿನ ಗವಸಿನೊಳಗಿವೆ. ಕಪಾಟಿನಲ್ಲಿಟ್ಟರೆ ಯಾರಾದರೂ ಓದಿಯಾರೆಂಬ ಭಯ, ಟ್ರಂಕಿನ ತಳಕ್ಕೆ ಹಾಕಿದರೆ ನಾನೇ ಓದಲಾರೆನೆಂಬ ಭಯ. ಎರಡರ ನಡುವಿನ ರಾಜಿಯಾಗಿ ಈ ಗವಸು. ಒಂದಿಷ್ಟು ಒಣ ಬೇವಿನೆಲೆ ಹಾಕಿ ಬಾಯಿ ಕಟ್ಟಿಟ್ಟರೆ ಹುಳ ಮುಟ್ಟುವುದಿಲ್ಲ. ನೆನಪಿಗೆ ಹಾಕಲು ಅಂಥ ಎಲೆ ಯಾವ ಗಿಡದಲ್ಲಿ ಸಿಗುತ್ತದೋ ಎಂದು ಹೋದ ವಾರ ಯೋಚಿಸುವಂತಾಯಿತು, ಅದನ್ನೇ ನಿಮಗೆ ಹೇಳಹೊರಟಿದ್ದೇನೆ.

ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಸೇರಿದವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಎಂ.ಎ. ಸೇರಿದವರಿಗೆ, ಅದರಲ್ಲೂ ಇತಿಹಾಸ, ತತ್ವಶಾಸ್ತ್ರ, ಸಮಾಜಶಾಸ್ತ್ರ ಎಂದು ಬಾಯಿಬಿಟ್ಟವರಿಗೆ, ಮದುವೆಯ ಪಂಕ್ತಿಯಲ್ಲೂ ಬಿಡುಗಡೆಯಿಲ್ಲ. "ಅದನ್ನ ಕಲತು ಮುಂದ ಏನ್ ಮಾಡ್ತಿ?" ಎಂದು ಹೋಳಿಗೆ ಮುರಿಯುತ್ತ ಕೇಳುತ್ತಾರೆ, ಕಾಯಿಲೆಯನ್ನು ವಿಚಾರಿಸುವವರ ಮೆಲುದನಿಯಲ್ಲಿ. ಹಾಗಾಗಿ ನಮ್ಮಂಥವರು ಒಂದು ಕಾರಣವನ್ನು ಸದಾ ಇಸ್ತ್ರಿ ಮಾಡಿ ಇಟ್ಟುಕೊಂಡಿರುತ್ತೇವೆ. ನನ್ನ ಕಾರಣವಂತೂ ಬಲು ಚೆಂದದ್ದು. ಅರ್ಥಶಾಸ್ತ್ರದ ಅರ್ಜಿ ಹಿಡಿದು ಹೊರಟಿದ್ದವಳಿಗೆ, ಗಿಡದ ಕೆಳಗೆ ವಿದ್ಯಾರ್ಥಿಗಳೊಡನೆ ನಿಂತಿದ್ದ ಪ್ರಾಧ್ಯಾಪಕರೊಬ್ಬರ ಮಾತು ಕಿವಿಗೆ ಬಿತ್ತು: ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರು ಕಡೆಗೆ ಉಣ್ಣುತ್ತಾರೆ ಎಂಬುದನ್ನು ನೋಡಿದರೆ ಇಡೀ ಸಮಾಜವೇ ಕಾಣುತ್ತದೆ ಎಂದು ಅವರು ಹೇಳುತ್ತಿದ್ದರು; ನಾನು ಅಲ್ಲೇ ಅರ್ಜಿ ಹರಿದು ಹಾಕಿ ಸಮಾಜಶಾಸ್ತ್ರಕ್ಕೆ ಸೇರಿದೆ. ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಪ್ರತಿ ವರ್ಷ ಮೊದಲ ತರಗತಿಯಲ್ಲೂ, ನೆಂಟರು ಕೂಡಿದಲ್ಲೆಲ್ಲ ಕೂಡ, ಈ ಕಥೆ ಹೇಳುತ್ತೇನೆ.

ಹೋದ ವಾರ ಅಕ್ಕನ ಮಗಳು ಅಕ್ಷತಾ, ದೇಶಪಾಂಡೆನಗರದ ತನ್ನ ಮನೆಯಿಂದ ಲ್ಯಾಪ್‌ಟಾಪ್ ಹೊತ್ತು ಮಾಳಮಡ್ಡಿಯ ನನ್ನ ಮನೆಗೆ ಬಂದಳು. ಎಂ.ಎ. ಅರ್ಜಿಗೆ ಅದೇ ಕೊನೆಯ ದಿನ. ವಿಷಯ ಒಂದನ್ನೇ ಆರಿಸಬೇಕು, ಸಂಜೆ ಐದರೊಳಗೆ ಕಳಿಸಬೇಕು, ಕಳಿಸಿದ ಮೇಲೆ ತಿದ್ದುವ ಹಾಗಿಲ್ಲ. ಬಿ.ಎ.ಯಲ್ಲಿ ಅವಳಿಗೆ ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿದ್ದವು.

"ಸಮಾಜಶಾಸ್ತ್ರನ ಹಾಕಾಕತ್ತೇನ್ರಿ ಮೌಶಿ, ನಿಮ್ಮಂಗ," ಎಂದಳು.

ಚಿಕ್ಕಮ್ಮನಾದವಳು ಉಬ್ಬದೆ ಇರಲು ಸಾಧ್ಯವೇ, ನೀವೇ ಹೇಳಿ. ಆ ಪವಿತ್ರ ದಿನದ ಪುಟವನ್ನೇ ತೋರಿಸಿ ಹರಸೋಣವೆಂದು ಒಳಕೋಣೆಗೆ ಹೋಗಿ ಗವಸು ಬಿಚ್ಚಿದೆ. ಪುಟ ಸಿಕ್ಕಿತು. ನನ್ನದೇ ಅಕ್ಷರ, ನೀಲಿ ಶಾಯಿ: 'ಅರ್ಥಶಾಸ್ತ್ರದ ಸರದಿ ಗೇಟಿನವರೆಗೆ. ವಿಪರೀತ ಬಿಸಿಲು. ಸಮಾಜಶಾಸ್ತ್ರದ ಕಿಟಕಿಯ ಮುಂದೆ ಯಾರೂ ಇಲ್ಲ, ಮೇಲೆ ಫ್ಯಾನೂ ಇದೆ ಎಂದು ಗೆಳತಿ ಗಿರಿಜಾ ಹೇಳಿದಳು. ಹೋಗಿ ಅರ್ಜಿ ತುಂಬಿದೆ. ಆಮೇಲೆ ಇಬ್ಬರೂ ಗಿರ್ಮಿಟ್ ತಿಂದೆವು. ಖಾರ ಹೆಚ್ಚು.'

ಗಿಡವಿಲ್ಲ, ಪ್ರಾಧ್ಯಾಪಕರಿಲ್ಲ. ಹಿಂದಿನ ಹತ್ತು ಪುಟ, ಮುಂದಿನ ಹತ್ತು ಪುಟ ತಿರುವಿದೆ, ಅಲ್ಲಿಯೂ ಇಲ್ಲ. ಇಷ್ಟು ವರ್ಷ ನಾನು ಸುಳ್ಳು ಹೇಳಿದೆನೇ? ಹಾಗೆ ಅನ್ನಿಸುವುದಿಲ್ಲ, ಕಣ್ಣು ಮುಚ್ಚಿದರೆ ಆ ನೆರಳು ಈಗಲೂ ಕಾಣುತ್ತದೆ. ಬಹುಶಃ ಆ ಮಾತನ್ನು ಎರಡನೆಯ ಸೆಮಿಸ್ಟರಿನಲ್ಲಿ ಕೇಳಿದ್ದೆನೇನೋ; ನೆನಪು ತಡವಾಗಿ ಬಂದವರನ್ನೂ ಕರೆದು ಮುಂದಿನ ಸಾಲಿನಲ್ಲೇ ಕೂರಿಸುತ್ತದೆ. ಹಾಗೆಂದು ದಿನಚರಿಯೇನು ದೇವರಲ್ಲ: ಮನಸ್ಸು ಕಲಕಿದ್ದನ್ನು ಬರೆಯಲು ನಾಚಿ ಖಾರದ ವಿಷಯ ಬರೆದು ಮಲಗುವ ವಯಸ್ಸೂ ಒಂದಿರುತ್ತದೆ. ಯಾರನ್ನು ನಂಬಲಿ?

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಗವಸಿನ ಬಾಯಿ ಕಟ್ಟಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಟ್ಟಲು ದಾರವನ್ನು ಎತ್ತಿಯೂ ಇದ್ದೆ. ಆದರೆ ಹೊರಗೆ ಕುಳಿತ ಹುಡುಗಿ, ಇದ್ದಿತೋ ಇಲ್ಲವೋ ಗೊತ್ತಿಲ್ಲದ ಗಿಡವೊಂದನ್ನು ನಂಬಿ ತನ್ನ ಎರಡು ವರ್ಷಗಳನ್ನು ಕೊಡಲಿದ್ದಳು. ದಿನಚರಿಯನ್ನು ತಂದು ಅವಳ ಮುಂದಿಟ್ಟೆ.

ಎರಡು ಸಲ ಓದಿದಳು. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ ಆಘಾತ ಕಾಣಲಿಲ್ಲ.

"ನೀವು ಹೇಳಿದಾಗೆಲ್ಲಾ ಗಿಡ ಬ್ಯಾರೇನ ಇರ್ತಿತ್ರಿ ಮೌಶಿ. ಒಮ್ಮೆ ಬೇವಿನ ಗಿಡ, ಒಮ್ಮೆ ಹುಣಸಿ ಗಿಡ. ಅಜ್ಜಾನ ತಿಥಿ ದಿನ ಮಾವಿನ ಗಿಡ ಆಗಿತ್ತು."

"ಮತ್ತ ಸುಮ್ಮನ ಯಾಕ ಕೇಳ್ತಿದ್ದಿ?"

"ಅಷ್ಟು ಛಂದ ಹೇಳ್ತೀರಿ, ನಡುವ ಹೆಂಗ ಬಾಯಿ ಹಾಕೂದು?"

"ಹಂಗಾದ್ರ ಸಮಾಜಶಾಸ್ತ್ರ ಯಾಕ ಹಾಕಾಕತ್ತಿದ್ದಿ?"

ಅವಳು ಪರದೆಯನ್ನೇ ನೋಡುತ್ತ ಹೇಳಿದಳು: "ಮನ್ಯಾಗ ಎಲ್ಲಾರೂ ಎಂ.ಎ. ಬ್ಯಾಡ ಅಂದಾಗ ನನ್ನ ಪರ ಮಾತಾಡಿದವರು ನೀವೊಬ್ಬರ. ನಾ ಅರ್ಥಶಾಸ್ತ್ರ ಅಂದ್ರ ನಿಮಗ ಬ್ಯಾಸರಾದೀತು ಅನ್ನಿಸಿತ್ರಿ."

ಮನೆಯೊಳಗೆ ಯಾರ ಇಷ್ಟಕ್ಕೆ ಯಾರು ತಲೆಬಾಗುತ್ತಾರೆಂದು ವರ್ಷಗಟ್ಟಲೆ ಪಾಠ ಹೇಳಿದವಳಿಗೆ, ತನ್ನೆದುರೇ ಬಾಗಿದ್ದ ತಲೆ ಕಂಡಿರಲಿಲ್ಲ. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ನಿನಗ ಖರೇ ಯಾವುದು ಸೇರ್ತದ?"

"ಬೆಂಗೇರಿ ಸಂತ್ಯಾಗ ಬದನಿಕಾಯಿಗೆ ಮುಂಜಾನೆ ಒಂದು ರೇಟು, ಸಂಜಿಗೊಂದು ರೇಟು ಯಾಕ ಅಂತ ಸಣ್ಣಾಕಿ ಇದ್ದಾಗಿಂದ ಕೇಳ್ತೇನಿ. ಅವ್ವ ಬೈತಾಳ, ಲಗೂ ನಡಿ ಅಂತಾಳ."

ಪರದೆಯ ಮೇಲೆ ಸಮಾಜಶಾಸ್ತ್ರ ಹೋಗಿ ಅರ್ಥಶಾಸ್ತ್ರ ಬಂತು. ಅರ್ಜಿಯ ಕೊನೆಯಲ್ಲಿ ಒಂದು ಚೌಕವಿತ್ತು: ಈ ವಿಷಯವನ್ನೇ ಏಕೆ ಆರಿಸಿದಿರಿ, ಎರಡು ಸಾಲಿನಲ್ಲಿ ಬರೆಯಿರಿ. "ಏನ್ ಬರೀಲ್ರಿ?" ಎಂದು ಅವಳು ತಲೆಯೆತ್ತಿದಳು. ನನ್ನ ನಾಲಗೆಯ ಮೇಲೆ ಆಗಲೇ ಭರ್ಜರಿಯಾದ ಎರಡು ಸಾಲುಗಳು ಬಂದು ನಿಂತಿದ್ದವು. ಅವನ್ನು ನುಂಗಿಕೊಂಡು ಚಹಾ ಮಾಡಲು ಎದ್ದೆ.

ಕಪ್ಪುಗಳನ್ನು ಹಿಡಿದು ಬರುವಷ್ಟರಲ್ಲಿ ಅರ್ಜಿ ಹೋಗಿತ್ತು. ಏನು ಬರೆದಳೆಂದು ನಾನು ಕೇಳಲಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿ, ಒಂದು ಗುಟುಕು ಕುಡಿದು, ಕಪ್ಪನ್ನು ಕೆಳಗಿಟ್ಟಳು.

"ಸಕ್ಕರಿ ಕಡಿಮಿ ಆಗೇದ್ರಿ ಮೌಶಿ," ಎಂದಳು.

ಅವಳು ನನ್ನ ಮುಖ ನೋಡಿ ಹಾಗೊಂದು ಕೊರತೆ ಹೇಳಿದ್ದು ಅದೇ ಮೊದಲು. ಅದೇ ಮೊದಲೆಂದು ನನ್ನ ನೆನಪು.